ಕೊಳೆ ನೀರಿಗೆ ಬಿಸಿಲಿನ ಮದ್ದು

ಹಬ್ಬದ ಅಡುಗೆಯ ಗಡಿಬಿಡಿಯಲ್ಲಿ ಬಿಳಿ ಸೀರೆಯ ಸೆರಗಿಗೆ ಅರಿಶಿನದ ಕೈ ತಾಗಿತೆನ್ನಿ. ಸೋಪು ಹಚ್ಚಿದಿರೋ, ಹಳದಿ ಕಲೆ ಕೆಂಪಾಗುತ್ತದೆ. ಎಷ್ಟು ಉಜ್ಜಿದರೂ ಪೂರ್ತಿ ಹೋಗುವುದಿಲ್ಲ. ಆಗ ಮನೆಯ ಹಿರಿಯರು ಏನು ಹೇಳುತ್ತಾರೆ? "ಬಿಡೇ, ಸುಮ್ನೆ ಯಾಕೆ ಕೈ ನೋಯಿಸ್ಕೋತೀಯ? ಒದ್ದೆಯಾಗಿದ್ದ ಹಾಗೇ ಬಿಸಿಲಿಗೆ ಹರವು, ಸಂಜೆ ಹೊತ್ತಿಗೆ ತಾನೇ ಹೋಗುತ್ತೆ" ಅನ್ನುತ್ತಾರೆ. ಹಾಗೆಯೇ ಆಗುತ್ತದೆ. ಬಣ್ಣದ ಸೀರೆಯನ್ನು ಮಾತ್ರ ನೆರಳಿನಲ್ಲಿ ಒಣಗಿಸುತ್ತೇವೆ, ಬಿಸಿಲು ಬಣ್ಣ ತಿನ್ನುತ್ತದೆಂದು ನಮಗೆ ಗೊತ್ತು.

ಸೋದರಿಯರೇ, ಬಿಸಿಲು ಬಣ್ಣವನ್ನು 'ತಿನ್ನುವುದು' ಎಂದರೆ ಅದನ್ನು ಒಡೆಯುವುದು. ಅರಿಶಿನದ ಬಣ್ಣ ಗಿಡದಿಂದ ಬಂದ ಒಂದು ಸಾವಯವ ವಸ್ತು. ಬೆಳಕಿನ ಪೆಟ್ಟಿಗೆ ಅದರ ಅಣು ಮುರಿದು ಬಣ್ಣವಿಲ್ಲದ ತುಂಡುಗಳಾಗುತ್ತದೆ. ಸೆರಗಿನ ಕಲೆಯನ್ನು ತೆಗೆಯುವ ಬಿಸಿಲು, ನಾವು ಕುಡಿಯುವ ನೀರಿನಲ್ಲಿ ಸೇರಿಕೊಂಡ ಕೊಳೆಯನ್ನೂ ತೆಗೆಯಬಾರದೇಕೆ? ಈ ಪ್ರಶ್ನೆಯನ್ನು ವಿಜ್ಞಾನಿಗಳು ಸುಮಾರು ಐವತ್ತು ವರ್ಷಗಳಿಂದ ಕೇಳುತ್ತಿದ್ದಾರೆ. ಸಕಲೇಶಪುರ, ಆಲೂರು ಕಡೆಯ ನಾವಂತೂ ಇದನ್ನು ಕೇಳಲೇಬೇಕು. ಏಕೆಂದು ಮುಂದೆ ನೋಡಿ.

ಹಳ್ಳದ ನೀರು ಕಪ್ಪಾಗುವುದೇಕೆ?

ನವೆಂಬರ್ ಕಳೆಯುತ್ತಲೇ ನಮ್ಮ ಕಡೆ ಅರೇಬಿಕಾ ಹಣ್ಣಿನ ಕೊಯ್ಲು. ಜನವರಿಯಿಂದ ರೋಬಸ್ಟಾ. ಹಣ್ಣನ್ನು ಹಾಗೆಯೇ ಕಣದಲ್ಲಿ ಒಣಗಿಸಿದರೆ ಚೆರಿ, ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಪಾರ್ಚ್‌ಮೆಂಟಿಗೆ ಬೆಲೆ ಹೆಚ್ಚು, ಆದರೆ ನೀರಿನ ಖರ್ಚೂ ಹೆಚ್ಚು. ಸಿಪ್ಪೆ ಬಿಡಿಸಿದ ಬೀಜದ ಮೇಲೆ ಜಾರುವ ಲೋಳೆ ಇರುತ್ತದೆ. ಅದನ್ನು ತೊಟ್ಟಿಯಲ್ಲಿ ಹುಳಿ ಬರಿಸಿ, ಆಮೇಲೆ ಮತ್ತೆ ಮತ್ತೆ ತೊಳೆಯಬೇಕು. ತೊಳೆದ ನೀರೆಲ್ಲ ಎಲ್ಲಿಗೆ ಹೋಗಬೇಕು?

ಆ ನೀರಿನಲ್ಲಿ ವಿಷವೇನೂ ಬೆರೆಸಿಲ್ಲ, ಬರೀ ಹಣ್ಣಿನ ಸಕ್ಕರೆ, ಲೋಳೆ, ಸಿಪ್ಪೆಯ ಬಣ್ಣ. "ಹಣ್ಣು ತೊಳೆದ ನೀರು ತಾನೇ, ಏನಾಗುತ್ತೆ?" ಎಂದು ಕೇಳುವವರಿದ್ದಾರೆ. ಆಗುವುದು ಇಷ್ಟು: ಸಕ್ಕರೆ ಹುಳಿಯಾಗಿ ನೀರು ಮಜ್ಜಿಗೆಗಿಂತ ಹುಳಿಯಾಗುತ್ತದೆ. ಅದು ಹಳ್ಳಕ್ಕೆ ಸೇರಿದಾಗ ಅಲ್ಲಿನ ಸೂಕ್ಷ್ಮಜೀವಿಗಳಿಗೆ ಹಬ್ಬದೂಟ. ಅವು ತಿನ್ನುತ್ತಾ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೆಲ್ಲ ಖಾಲಿ ಮಾಡುತ್ತವೆ. ಮೀನಿಗೆ ಉಸಿರು ಸಿಗುವುದಿಲ್ಲ. ಎರಡು ಮೂರು ದಿನದಲ್ಲಿ ನೀರು ಕಪ್ಪಾಗಿ ಕೊಳೆತ ವಾಸನೆ ಬರುತ್ತದೆ.

ಹೀಗೆ ಕೊಳೆಯು ಎಷ್ಟು ಆಮ್ಲಜನಕವನ್ನು ಬೇಡುತ್ತದೆ ಎಂಬುದನ್ನು ಅಳೆಯಲು 'ಬಿ.ಓ.ಡಿ.' ಎಂಬ ಲೆಕ್ಕವಿದೆ. ಊರಿನ ಚರಂಡಿ ನೀರಿನಲ್ಲಿ ಇದು ಸಾಮಾನ್ಯವಾಗಿ ಲೀಟರಿಗೆ ಇನ್ನೂರು ಮುನ್ನೂರು ಮಿಲಿಗ್ರಾಂ. ಪಲ್ಪಿಂಗ್ ನೀರಿನಲ್ಲಿ ಸಾವಿರಗಟ್ಟಲೆ! ಹೊಳೆ ಹಳ್ಳಕ್ಕೆ ಬಿಡುವ ಕೊಳೆ ನೀರಿಗೆ ನಮ್ಮ ದೇಶದ ಸಾಮಾನ್ಯ ಮಿತಿ ಲೀಟರಿಗೆ 30 ಮಿಲಿಗ್ರಾಂ ಮಾತ್ರ. ವ್ಯತ್ಯಾಸ ನೀವೇ ನೋಡಿ.

ನಾನಿರುವ ಕಡೆ ಒಂದು ವರ್ಷ ಜನವರಿಯಲ್ಲಿ ಮೇಲಿನ ತೋಟವೊಂದರ ನೀರು ಹಳ್ಳಕ್ಕೆ ಹರಿದಿತ್ತು. ನಮ್ಮ ಹಸು ಮೂತಿ ಇಟ್ಟು, ಮುಸು ಮುಸು ಮಾಡಿ, ಕುಡಿಯದೆ ತಿರುಗಿತು. ಲೈನ್ ಮನೆಯ ಹೆಂಗಸರು ಬಟ್ಟೆ ಗಂಟು ಹೊತ್ತು ಇನ್ನೊಂದು ಹಳ್ಳಕ್ಕೆ ಒಂದು ಮೈಲಿ ನಡೆದರು. ಹೇಳಿ ಕೇಳಿ ಆ ತೋಟದವರು ಮರುವರ್ಷ ಗುಂಡಿ ತೋಡಿಸಿದರು ಅನ್ನಿ. ಆದರೆ ನಮ್ಮ ಹಳ್ಳಗಳೆಲ್ಲ ಕೊನೆಗೆ ಸೇರುವುದು ಹೇಮಾವತಿಗೆ. ಬಲ್ಲಾಳರಾಯನ ದುರ್ಗದ ಹತ್ತಿರ ಹುಟ್ಟಿ, ಸಕಲೇಶ್ವರ ದೇವಸ್ಥಾನದ ಪಕ್ಕದಲ್ಲಿ ಹರಿದು, ಗೊರೂರು ಅಣೆಕಟ್ಟೆಯಲ್ಲಿ ನಿಂತು, ಕಾವೇರಿಯನ್ನು ಸೇರುವ ಹೊಳೆ ಅದು. ಕೆಳಗಿನ ಎಷ್ಟು ಊರಿನವರು ಅದೇ ನೀರು ಕುಡಿಯಬೇಕು, ಯೋಚಿಸಿ.

ಬಿಳಿ ಪುಡಿಯ ಮಹಿಮೆ

ಈಗ ಬಿಸಿಲಿನ ವಿಷಯಕ್ಕೆ ಬರೋಣ. ಬರೀ ಬಿಸಿಲು ಅರಿಶಿನವನ್ನು ಒಡೆಯಬಲ್ಲದು, ಆದರೆ ಎಲ್ಲ ಕೊಳೆಯೂ ಅಷ್ಟು ಮೆದುವಲ್ಲ. ಕೀಟನಾಶಕಗಳು, ಬಟ್ಟೆಯ ಗಟ್ಟಿ ಬಣ್ಣಗಳು ಬಿಸಿಲಿಗೆ ಸುಲಭವಾಗಿ ಬಗ್ಗುವುದಿಲ್ಲ. ಅದಕ್ಕೆ ಬಿಸಿಲಿನ ಜೊತೆ ಒಬ್ಬ ಸಹಾಯಕ ಬೇಕು. ಅವನೇ ವೇಗವರ್ಧಕ.

ವೇಗವರ್ಧಕ ಎಂದರೆ ಮದುವೆ ಕುದುರಿಸುವ ಮಧ್ಯಸ್ಥನಿದ್ದ ಹಾಗೆ. ಎರಡು ಮನೆಯವರನ್ನು ಕೂಡಿಸುತ್ತಾನೆ, ಮದುವೆ ನಡೆಯುತ್ತದೆ, ತಾನು ಮಾತ್ರ ಹೇಗಿದ್ದನೋ ಹಾಗೇ ಎದ್ದು ಮುಂದಿನ ಮನೆಗೆ ಹೊರಡುತ್ತಾನೆ.

ಬೆಳಕಿನಿಂದ ಕೆಲಸ ಮಾಡುವ ವೇಗವರ್ಧಕಗಳಲ್ಲಿ ಹೆಸರಾದದ್ದು ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ. ಇದು ನಿಮಗೆ ಹೊಸದೇನಲ್ಲ. ಗೋಡೆಯ ಬಿಳಿ ಪೇಂಟಿನಲ್ಲಿದೆ, ಬಿಸಿಲಿಗೆ ಹಚ್ಚುವ ಕ್ರೀಮುಗಳಲ್ಲಿದೆ. ವರ್ಷಗಟ್ಟಲೆ ಬಿಸಿಲು ತಿಂದ ಹಳೆಯ ಬಿಳಿ ಪೇಂಟನ್ನು ಬೆರಳಿನಿಂದ ಸವರಿದರೆ ಸುಣ್ಣದ ಹಾಗೆ ಪುಡಿ ಅಂಟುತ್ತದಲ್ಲ? ಅದಕ್ಕೆ ಒಂದು ಕಾರಣ ಈ ಪುಡಿಯೇ. ಬಿಸಿಲು ಬಿದ್ದಾಗ ತನ್ನನ್ನು ಹಿಡಿದಿಟ್ಟಿರುವ ಪೇಂಟಿನ ಅಂಟನ್ನೇ ಅದು ಕಡಿದು ಹಾಕುತ್ತದೆ. ಅದಕ್ಕೇ ಈಗ ಪೇಂಟ್ ತಯಾರಿಸುವವರು ಪುಡಿಯ ಪ್ರತಿ ಕಣಕ್ಕೂ ಬೇರೆ ವಸ್ತುವಿನ ಹೊದಿಕೆ ಕೊಡುತ್ತಾರೆ. ಪೇಂಟಿನವರಿಗೆ ತಲೆನೋವಾದ ಗುಣವೇ ನೀರು ಶುದ್ಧಿ ಮಾಡುವವರಿಗೆ ವರವಾಯಿತು!

1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೋಂಡಾ ಎಂಬ ವಿಜ್ಞಾನಿಗಳು ಟೈಟಾನಿಯಂ ಡೈಆಕ್ಸೈಡಿನ ಮೇಲೆ ಬೆಳಕು ಬಿಟ್ಟು ನೀರನ್ನೇ ಒಡೆದು ತೋರಿಸಿದರು. ಕೆಲವೇ ವರ್ಷಗಳಲ್ಲಿ, ನೀರಿನ ಕೊಳೆಯನ್ನು ಒಡೆಯಲು ಇದನ್ನು ಬಳಸಬಹುದೆಂದು ಬೇರೆ ದೇಶದವರು ಕಂಡುಕೊಂಡರು.

ಒಳಗೆ ನಡೆಯುವುದು ಇಷ್ಟು. ಬೆಳಕಿನ ಪೆಟ್ಟಿಗೆ ಪುಡಿಯೊಳಗಿನ ಎಲೆಕ್ಟ್ರಾನ್ ಒಂದು ತನ್ನ ಜಾಗ ಬಿಟ್ಟು ಏಳುತ್ತದೆ. ಅದು ಎದ್ದ ಕಡೆ ಖಾಲಿ ಜಾಗ ಉಳಿಯುತ್ತದೆ. ಎದ್ದದ್ದು ನೀರಿನಲ್ಲಿನ ಆಮ್ಲಜನಕವನ್ನು ಹಿಡಿಯುತ್ತದೆ. ಖಾಲಿ ಜಾಗ ನೀರಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಹೀಗೆ ಹುಟ್ಟುವ ಹೈಡ್ರಾಕ್ಸಿಲ್ ಎಂಬ ತುಂಡು ಬಹಳ ಹಸಿದದ್ದು. ಒಂದು ಕ್ಷಣವೂ ಸುಮ್ಮನಿರದೆ ಹತ್ತಿರ ಸಿಕ್ಕ ಸಾವಯವ ಕೊಳೆಯನ್ನು ಕಚ್ಚಿ ಕಚ್ಚಿ ಸಣ್ಣದು ಮಾಡುತ್ತದೆ. ಕೆಲಸ ಪೂರ್ತಿಯಾದರೆ ಕೊನೆಗೆ ಉಳಿಯುವುದು ಬಹುಪಾಲು ಇಂಗಾಲದ ಡೈಆಕ್ಸೈಡ್ ಮತ್ತು ನೀರು. ಸೋಸಿದರೆ ಕೊಳೆ ಬಟ್ಟೆಯ ಮೇಲೆ ಉಳಿಯುತ್ತದೆ, ಅದನ್ನು ಮತ್ತೆಲ್ಲೋ ಚೆಲ್ಲಬೇಕು. ಇಲ್ಲಿ ಕೊಳೆಯೇ ಇಲ್ಲವಾಗುತ್ತದೆ. ದೊಡ್ಡ ಲಾಭ ಇದೇ.

ಒಂದು ಚಿಟಿಕೆ ಲೋಹ

ಆದರೆ ಈ ಬಿಳಿ ಪುಡಿಗೂ ಒಂದು ಕೊರತೆಯಿದೆ. ಕಣ್ಣಿಗೆ ಕಾಣುವ ಬೆಳಕು ಅದಕ್ಕೆ ಸಾಲದು, ನೇರಳಾತೀತ ಕಿರಣವೇ ಬೇಕು. ನಮ್ಮ ಮೇಲೆ ಬೀಳುವ ಬಿಸಿಲಿನಲ್ಲಿ ಆ ಕಿರಣದ ಪಾಲು ನೂರಕ್ಕೆ ನಾಲ್ಕೈದು ಮಾತ್ರ. ಉಳಿದ ಬಿಸಿಲೆಲ್ಲ ವ್ಯರ್ಥ. ಇನ್ನೊಂದು ಕೊರತೆ, ಎದ್ದ ಎಲೆಕ್ಟ್ರಾನ್ ಕೆಲಸ ಮಾಡುವ ಮೊದಲೇ ಮತ್ತೆ ತನ್ನ ಜಾಗಕ್ಕೆ ಬಂದು ಕೂತುಬಿಡುವುದು.

ಇದಕ್ಕೆ ವಿಜ್ಞಾನಿಗಳು ಕಂಡ ಉಪಾಯವೇ ಲೋಹ ಬೆರೆಸುವುದು. ಕಬ್ಬಿಣ, ತಾಮ್ರ, ಬೆಳ್ಳಿ, ಸೀರಿಯಂ ಮುಂತಾದವನ್ನು ತೀರಾ ಅಲ್ಪ ಪ್ರಮಾಣದಲ್ಲಿ ಪುಡಿಯೊಳಗೆ ಸೇರಿಸುತ್ತಾರೆ. ಕೆಲವು ಲೋಹ ಸೇರಿದಾಗ ಪುಡಿಗೆ ತುಸು ಬಣ್ಣ ಬಂದು, ಕಾಣುವ ಬೆಳಕನ್ನೂ ಹೀರಲು ಕಲಿಯುತ್ತದೆ. ಬೆಳ್ಳಿಯಂಥದ್ದು ಎದ್ದ ಎಲೆಕ್ಟ್ರಾನನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ.

ಪಾಯಸಕ್ಕೆ ಚಿಟಿಕೆ ಉಪ್ಪು ಹಾಕುವುದು ನಿಮಗೆ ಗೊತ್ತಲ್ಲ? ಸಿಹಿ ಎದ್ದು ಕಾಣುತ್ತದೆ. ಒಂದು ಹಿಡಿ ಹಾಕಿದರೆ? ಪಾಯಸ ಬಚ್ಚಲಿಗೆ! ಇಲ್ಲಿಯೂ ಹಾಗೆಯೇ. ಲೋಹ ಹೆಚ್ಚಾದರೆ ಅದೇ ಎಲೆಕ್ಟ್ರಾನಿಗೆ ಹಿಂದಿರುಗುವ ದಾರಿಯಾಗಿ, ಇದ್ದ ಶಕ್ತಿಯೂ ಕುಗ್ಗುತ್ತದೆ.

ನಮ್ಮ ಬೆಂಗಳೂರಿನಲ್ಲೇ ಈ ವಿಷಯದ ಮೇಲೆ ಒಳ್ಳೆಯ ಕೆಲಸ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ನಾಗವೇಣಿ, ಎಂ. ಎಸ್. ಹೆಗ್ಡೆ, ಗಿರಿಧರ್ ಮದ್ರಾಸ್ ಮತ್ತು ಸಂಗಡಿಗರು ಟೈಟಾನಿಯಂ ಲವಣವನ್ನು ಗ್ಲೈಸಿನ್ ಎಂಬ ವಸ್ತುವಿನ ಜೊತೆ ಕಾದ ಕುಲುಮೆಯಲ್ಲಿ ಭುಗ್ಗೆಂದು ಉರಿಸಿ, ಅತಿ ನುಣುಪಾದ ಟೈಟಾನಿಯಂ ಡೈಆಕ್ಸೈಡ್ ಪುಡಿ ತಯಾರಿಸಿದರು. 2004ರಲ್ಲಿ ಪ್ರಕಟವಾದ ಅವರ ಬರಹಗಳ ಪ್ರಕಾರ, ಬಿಸಿಲಿನಲ್ಲಿ ಬಟ್ಟೆಯ ಬಣ್ಣಗಳನ್ನು ಒಡೆಯುವುದರಲ್ಲಿ ಈ ಪುಡಿ ಪೇಟೆಯಲ್ಲಿ ಸಿಗುವ ಹೆಸರಾಂತ ಪುಡಿಯನ್ನೂ ಮೀರಿಸಿತು. ಅವರು ಕಬ್ಬಿಣ, ತಾಮ್ರ, ಸೀರಿಯಂ ಮೊದಲಾದ ಲೋಹ ಬೆರೆಸಿಯೂ ನೋಡಿದರು. ಆ ಪ್ರಯೋಗದಲ್ಲಿ ಲೋಹ ಬೆರೆಸಿದ್ದಕ್ಕಿಂತ ಬೆರೆಸದ ಪುಡಿಯೇ ಚೆನ್ನಾಗಿ ಕೆಲಸ ಮಾಡಿತು! ಲೋಹ ಬೆರೆತ ಮಾತ್ರಕ್ಕೆ ಎಲ್ಲವೂ ಬಂಗಾರವಾಗುವುದಿಲ್ಲ. ಯಾವ ಲೋಹ, ಎಷ್ಟು, ಯಾವ ಕೊಳೆಗೆ ಎಂಬ ಹದ ಸಿಗಬೇಕು. ಒಂದೇ ಒಗ್ಗರಣೆ ಎಲ್ಲ ಪಲ್ಯಕ್ಕೂ ಒಗ್ಗುತ್ತದೆಯೇ?

ಹುಣಸೆ ಹುಳಿಯಿಂದ ಬಂದ ಇನ್ನೊಂದು ದಾರಿ

ಇದರ ದಾಯಾದಿಯಂಥ ಇನ್ನೊಂದು ವಿಧಾನವಿದೆ. 1894ರಲ್ಲಿ ಇಂಗ್ಲೆಂಡಿನ ಫೆಂಟನ್ ಎಂಬುವರು, ಹುಣಸೆಹಣ್ಣಿನಲ್ಲಿರುವ ಟಾರ್ಟಾರಿಕ್ ಆಮ್ಲವನ್ನು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ತುಸು ಕಬ್ಬಿಣದ ಲವಣ ಸೇರಿ ಹೇಗೆ ಬದಲಾಯಿಸುತ್ತವೆ ಎಂದು ಬರೆದರು. ಕಬ್ಬಿಣ ಇಲ್ಲದಿದ್ದರೆ ಪೆರಾಕ್ಸೈಡ್ ಸೋಮಾರಿ, ಕಬ್ಬಿಣ ಬಂತೋ, ಮೊದಲು ಹೇಳಿದ ಅದೇ ಹಸಿದ ಹೈಡ್ರಾಕ್ಸಿಲ್ ಹುಟ್ಟುತ್ತದೆ. ಇದರ ಮೇಲೆ ಬಿಸಿಲೂ ಬಿದ್ದರೆ ಕೆಲಸ ಇನ್ನೂ ಚುರುಕು, ಬಳಕೆಯಾದ ಕಬ್ಬಿಣವನ್ನು ಬೆಳಕು ಮತ್ತೆ ಕೆಲಸಕ್ಕೆ ಎಬ್ಬಿಸುತ್ತದೆ. ಸ್ಪೇನ್ ದೇಶದ ಅಲ್ಮೆರಿಯಾ ಎಂಬ ಬಿಸಿಲು ನಾಡಿನಲ್ಲಿ, ಖಾಲಿ ಕೀಟನಾಶಕ ಡಬ್ಬಗಳನ್ನು ತೊಳೆದ ನೀರನ್ನು ಹೀಗೆ ಬಿಸಿಲಿನ ಕೊಳವೆಗಳಲ್ಲಿ ಹರಿಸಿ ಶುದ್ಧ ಮಾಡುವ ಘಟಕವನ್ನೇ ಕಟ್ಟಿದರು. ಜಪಾನಿನಲ್ಲಿ ಕಾಫಿಯ ಕಂದು ನೀರಿನ ಬಣ್ಣ ತೆಗೆಯಲು ಇದೇ ವಿಧಾನವನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದ್ದಾರೆ.

ಹಾಗಾದರೆ ನಮ್ಮ ತೋಟಗಳಿಗೇಕೆ ಬಂದಿಲ್ಲ?

ನಿಮ್ಮ ಮನಸ್ಸಿನಲ್ಲಿ ಈಗ ಈ ಪ್ರಶ್ನೆ ಎದ್ದಿರುತ್ತದೆ. ಕಾರಣಗಳು ಸರಳ.

ಮೊದಲನೆಯದು, ಬೆಳಕು ಒಳಗೆ ಇಳಿಯಬೇಕು. ಪಲ್ಪಿಂಗ್ ನೀರು ಗಂಜಿಯ ಹಾಗೆ ಮಂದ, ಬಣ್ಣವೂ ಗಾಢ. ಬಿಸಿಲು ಮೇಲೆಯೇ ನಿಂತುಬಿಡುತ್ತದೆ. ಎರಡನೆಯದು, ಕೊಳೆ ವಿಪರೀತ. ಜಾತ್ರೆಯ ಊಟದ ಪಾತ್ರೆಗಳನ್ನು ಒಬ್ಬಳೇ ತೊಳೆಯಲಿ ಎಂದರೆ ಹೇಗೆ? ಮೂರನೆಯದು, ನುಣುಪು ಪುಡಿಯನ್ನು ನೀರಿಗೆ ಹಾಕುವುದು ಸುಲಭ, ಮರಳಿ ಹಿಡಿಯುವುದು ಕಷ್ಟ. ಅದಕ್ಕೇ ಗಾಜಿನ ಮೇಲೆ, ಕಲ್ಲಿನ ಮೇಲೆ ಪುಡಿಯನ್ನು ಅಂಟಿಸುವ ಯತ್ನಗಳು ನಡೆದಿವೆ. ಖರ್ಚಿನ ಮಾತಂತೂ ಇದ್ದೇ ಇದೆ.

ಆದ್ದರಿಂದ ತಿಳಿದವರು ಹೇಳುವ ಕ್ರಮ ಇದು: ಮೊದಲು ಸಿಪ್ಪೆ ಸೋಸಿ, ಗುಂಡಿಯಲ್ಲಿ ತಿಳಿ ನಿಲ್ಲಿಸಬೇಕು. ಸುಣ್ಣ ಹಾಕಿ ಹುಳಿ ಮುರಿಯಬೇಕು. ಆಮೇಲೆ ಗೋಬರ್ ಗ್ಯಾಸ್ ಗುಂಡಿಯಂತೆ ಗಾಳಿ ಆಡದ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳಿಗೆ ತಿನ್ನಲು ಬಿಡಬೇಕು. ಅದರಿಂದ ಒಲೆಗೆ ಗ್ಯಾಸೂ ಸಿಗುತ್ತದೆ. ಕಾಫಿ ನೀರಿಗೆ ಈ ಬಗೆಯ ತೊಟ್ಟಿಗಳ ಬಗ್ಗೆ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎನ್. ಚಾಣಕ್ಯ ಮತ್ತು ಸಂಗಡಿಗರು ಅಧ್ಯಯನ ಮಾಡಿದ್ದಾರೆ. ನಂತರ ಗಾಳಿ ಆಡುವ ಹೊಂಡ. ಇಷ್ಟಾದ ಮೇಲೂ ಉಳಿಯುವ ಬಣ್ಣ, ಹಟಮಾರಿ ಕೀಟನಾಶಕ ಇವುಗಳಿಗೆ ಕೊನೆಯ ಕೈಯಾಗಿ ಬಿಸಿಲು ಮತ್ತು ವೇಗವರ್ಧಕ. ಮುಸುರೆ ತೆಗೆದ ಮೇಲೆ ಹುಣಸೆಹಣ್ಣಿನಿಂದ ಹೊಳಪು ಕೊಡುತ್ತೇವಲ್ಲ, ಹಾಗೆ.

ಒಂದು ವಿಷಯದಲ್ಲಿ ನಾವು ಪುಣ್ಯವಂತರು. ಮಳೆಗಾಲದಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣದ ಊರು ನಮ್ಮದು, ಆದರೆ ಪಲ್ಪಿಂಗ್ ನಡೆಯುವ ಡಿಸೆಂಬರಿನಿಂದ ಫೆಬ್ರವರಿವರೆಗೆ ಮಂಜು ಕರಗಿದರೆ ಇಡೀ ದಿನ ಒಳ್ಳೆಯ ಬಿಸಿಲು. ಕೊಳೆ ಬರುವ ಕಾಲಕ್ಕೇ ಮದ್ದೂ ಬರುತ್ತದೆ!

ಇನ್ನೊಂದು ಎಚ್ಚರಿಕೆ. ಬಿಸಿಲು ಒಡೆಯುವುದು ಸಾವಯವ ಕೊಳೆಯನ್ನು ಮಾತ್ರ. ಬೋರ್ಡೋ ಸಿಂಪಡಿಸಿದ ತಾಮ್ರ, ಗೊಬ್ಬರದ ನೈಟ್ರೇಟ್, ಬೋರ್‌ವೆಲ್‌ನ ಫ್ಲೋರೈಡ್ ಇವು ಬಿಸಿಲಿಗೆ ಕರಗಿ ಹೋಗುವುದಿಲ್ಲ.

ಮನೆಯಲ್ಲಿ ನಾವೇನು ಮಾಡಬಹುದು?

ಮನೆ ಗೆದ್ದು ಮಾರು ಗೆಲ್ಲು ಅಂತಾರೆ. ಪ್ರಯೋಗಶಾಲೆಯ ಪುಡಿ ಬರುವ ತನಕ ಕೈಕಟ್ಟಿ ಕೂರಬೇಕಿಲ್ಲ.

1. ಬಾಟಲಿಯಲ್ಲಿ ಬಿಸಿಲು ನೀರು: ಬಣ್ಣವಿಲ್ಲದ, ಗೀರಿಲ್ಲದ, ಎರಡು ಲೀಟರಿಗಿಂತ ದೊಡ್ಡದಲ್ಲದ ಪ್ಲಾಸ್ಟಿಕ್ ನೀರಿನ ಬಾಟಲಿಯನ್ನು ತೊಳೆದು ತಿಳಿನೀರು ತುಂಬಿಸಿ. ಬಾಟಲಿಯನ್ನು ದಿನಪತ್ರಿಕೆಯ ಮೇಲೆ ನಿಲ್ಲಿಸಿ ಬಾಯಿಯಿಂದ ಕೆಳಗೆ ನೋಡಿದರೆ ದಪ್ಪ ತಲೆಬರಹ ಓದಲು ಬರಬೇಕು. ಬಾರದಿದ್ದರೆ ಮೊದಲು ಸೋಸಿ. ಹೆಂಚಿನ ಅಥವಾ ತಗಡಿನ ಮೇಲೆ ಮಲಗಿಸಿ ಒಳ್ಳೆಯ ಬಿಸಿಲಿನಲ್ಲಿ 6 ಗಂಟೆ ಬಿಡಿ. ಮೋಡವಿದ್ದರೆ ಸತತ ಎರಡು ದಿನ. ಇದರಿಂದ ಭೇದಿಯ ರೋಗಾಣುಗಳು ಸಾಯುತ್ತವೆ. ಕೀಟನಾಶಕ, ಕಾಫಿ ನೀರಿನ ಕೊಳೆ ಹೋಗುವುದಿಲ್ಲ, ಮರೆಯಬೇಡಿ.

2. ಮಳೆಗಾಲದಲ್ಲಿ ಕುದಿಸುವುದೇ ಸರಿ: ಜೂನಿನಿಂದ ಸೆಪ್ಟೆಂಬರ್‌ವರೆಗೆ ಬಿಸಿಲನ್ನು ನಂಬಬೇಡಿ. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷವಾದರೂ ಕುದಿಸಿ.

3. ತಾಮ್ರದ ತಂಬಿಗೆ: ಬೆಂಗಳೂರಿನಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟ ನೀರಿನಲ್ಲಿ ಭೇದಿ ತರುವ ಬ್ಯಾಕ್ಟೀರಿಯಾ ಸತ್ತಿದ್ದವು. ಕುದಿಸಿ ಆರಿಸಿದ ನೀರನ್ನು ಇಡಲು ಒಳ್ಳೆಯ ಪಾತ್ರೆ. ಹುಳಿ ಪದಾರ್ಥ ಮಾತ್ರ ಅದರಲ್ಲಿ ಹಾಕಬೇಡಿ.

4. ಬಿಳಿ ಪುಡಿ ತಂದು ನೀರಿಗೆ ಹಾಕಬೇಡಿ: ಲೇಖನ ಓದಿ ಯಾರಾದರೂ ಟೈಟಾನಿಯಂ ಪುಡಿಯನ್ನು ಕುಡಿಯುವ ನೀರಿಗೆ ಬೆರೆಸೀರಿ! ಅದು ಪ್ರಯೋಗಶಾಲೆಯ, ಘಟಕಗಳ ಕೆಲಸ. ಯುರೋಪಿನಲ್ಲಿ ತಿಂಡಿಗೆ ಬಿಳಿ ಬಣ್ಣ ಕೊಡಲು ಇದನ್ನು ಬಳಸುವುದನ್ನು 2022ರಲ್ಲಿ ನಿಷೇಧಿಸಿದ್ದಾರೆ.

5. ಮನೆಯಲ್ಲೇ ಸಣ್ಣ ಪಲ್ಪರ್ ಇದ್ದರೆ: ತೊಳೆದ ನೀರಿನ ಗುಂಡಿ ಬಾವಿಗೆ ದೂರ, ಬಾವಿಗಿಂತ ತಗ್ಗಿನಲ್ಲಿರಲಿ. ಕೊನೆಯ ಸಲ ತೊಳೆದ ನೀರು ಅಷ್ಟೇನೂ ಕೊಳೆಯಾಗಿರುವುದಿಲ್ಲ. ಅದನ್ನೇ ಮುಂದಿನ ಹಣ್ಣಿನ ಪಲ್ಪಿಂಗಿಗೆ ಬಳಸಿ, ನೀರೂ ಉಳಿಯುತ್ತದೆ, ಕೊಳೆಯೂ ಕಡಿಮೆ. ಸಿಪ್ಪೆಯನ್ನು ಹಳ್ಳದ ದಡದಲ್ಲಿ ಗುಡ್ಡೆ ಹಾಕದೆ ಸಗಣಿಯ ಜೊತೆ ಗೊಬ್ಬರದ ಗುಂಡಿಗೆ ಸೇರಿಸಿ.

6. ಔಷಧಿ ಡಬ್ಬ, ಸಿಂಪಡಿಸುವ ಯಂತ್ರ: ಹಳ್ಳದಲ್ಲಿ, ಬಾವಿ ಕಟ್ಟೆಯಲ್ಲಿ ತೊಳೆಯಲು ಬಿಡಬೇಡಿ. ಎಂಡೋಸಲ್ಫಾನ್ 2011ರಲ್ಲಿ ನಿಷೇಧವಾಯಿತು. ಹಳೆಯ ದಾಸ್ತಾನು ಅಟ್ಟದ ಮೇಲಿದ್ದರೆ ಕೃಷಿ ಇಲಾಖೆಯವರನ್ನು ಕೇಳಿ, ನೀವೇ ಚೆಲ್ಲಬೇಡಿ. ಖಾಲಿ ಡಬ್ಬದಲ್ಲಿ ಅಕ್ಕಿ ಬೇಳೆ ತುಂಬುವ ಅಭ್ಯಾಸವಂತೂ ಬೇಡವೇ ಬೇಡ.

ಕೇಳುವುದು ನಮ್ಮ ಹಕ್ಕು

ಬೆಳ್ಳಗಿರುವುದೆಲ್ಲ ಹಾಲಲ್ಲ, ತಿಳಿಯಾಗಿರುವುದೆಲ್ಲ ಶುದ್ಧ ನೀರೂ ಅಲ್ಲ. ನೋಡಿ ಹೇಳಲಾಗದ್ದನ್ನು ಪರೀಕ್ಷೆ ಹೇಳುತ್ತದೆ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್‌ನಲ್ಲಿ, ನೀರು ಪರೀಕ್ಷಿಸುವ ಕಿಟ್ ಬಳಸಲು ಪ್ರತಿ ಹಳ್ಳಿಯಲ್ಲೂ ಐದು ಮಂದಿ ಹೆಂಗಸರಿಗೆ ತರಬೇತಿ ಕೊಡಬೇಕೆಂದಿದೆ. ಹೆಂಗಸರಿಗೇ! ನಿಮ್ಮೂರಿನ ಆ ಐವರು ಯಾರು? ಪಂಚಾಯ್ತಿಯಲ್ಲಿ ಕೇಳಿ. ಯಾರೂ ಇಲ್ಲವೆಂದರೆ ನೀವೇ ಹೆಸರು ಕೊಡಿ. ಹೈಸ್ಕೂಲು ಓದಿದ್ದರೆ ಧಾರಾಳ ಸಾಕು, ಬಣ್ಣ ನೋಡಿ ಹೋಲಿಸುವ ಕೆಲಸ ಅದು. ಒಗ್ಗರಣೆಯ ಬಣ್ಣ ನೋಡಿ ಹದ ಹೇಳುವ ನಮಗೆ ಅದೇನು ಮಹಾ?

ಹಳ್ಳ ಕಪ್ಪಾದರೆ ದಿನಾಂಕ, ಜಾಗ, ವಾಸನೆ ಎಲ್ಲ ಬರೆದಿಟ್ಟುಕೊಳ್ಳಿ. ಮೊದಲು ತೋಟದವರ ಹತ್ತಿರವೇ ಹೋಗಿ ಸಮಾಧಾನವಾಗಿ ಮಾತಾಡಿ. ಅವರ ಮನೆಯ ಹೆಂಗಸರೂ ಅದೇ ಊರಿನ ನೀರು ಕುಡಿಯುವವರು. ಕೇಳದಿದ್ದರೆ ಪಂಚಾಯ್ತಿಗೆ, ಅಲ್ಲಿಯೂ ಆಗದಿದ್ದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ನಾಲ್ಕೈದು ಮನೆಯವರು ಸೇರಿ ಬರೆಯಿರಿ. ಹೊಳೆ ಹಳ್ಳಕ್ಕೆ ಕೊಳೆ ಬಿಡಬಾರದೆಂಬ ಕಾನೂನು 1974ರಿಂದಲೇ ಇದೆ.

ಕಾಫಿಯಿಂದಲೇ ನಮ್ಮ ಸೀಮೆಯ ಅನ್ನ ಬೇಯುತ್ತಿದೆ, ಕಾಫಿಯನ್ನು ದೂರುವುದು ಈ ಲೇಖನದ ಉದ್ದೇಶವಲ್ಲ. ಹಣ್ಣು ತೊಳೆದವರು ನೀರನ್ನೂ ತೊಳೆದು ಕಳಿಸಲಿ ಎಂಬುದಷ್ಟೇ ಬೇಡಿಕೆ. ಬಿಸಿಲಿನ ಪುಡಿ ಬರುವಾಗ ಬರಲಿ. ಗುಂಡಿ, ಸುಣ್ಣ, ಗೊಬ್ಬರ ಇವತ್ತೇ ನಮ್ಮ ಕೈಯಲ್ಲಿವೆ. ಈ ಸಲ ಕೊಯ್ಲು ಶುರುವಾಗುವ ಮೊದಲೇ ನಿಮ್ಮ ಅಕ್ಕಪಕ್ಕದವರ ಜೊತೆ ಈ ಮಾತು ಎತ್ತಿ ನೋಡಿ.